ಸ್ನೇರ್ ಡ್ರಮ್‌ನ ನಾದ ಎಲ್ಲ ಕಡೆ ಸಮವಾಗಿರಬೇಕಾದರೆ

ನಿಮ್ಮ 14 ಇಂಚಿನ ಸ್ನೇರ್ ಡ್ರಮ್‌ಗೆ ಮೇಲಿನ ಹೆಡ್ (ಬಾರಿಸುವ ಪೊರೆ) ಹೊಸದಾಗಿ ಹಾಕಿಸಿದ ಮೇಲೂ ಕೋಲು ಬೀಳುವ ಜಾಗಕ್ಕೆ ತಕ್ಕಂತೆ ಸ್ವರ ಬದಲಾಗುತ್ತದೆ, ಮೆಲ್ಲಗೆ ನುಡಿಸಿದರೆ ಕೆಳಗಿನ ಹೆಡ್‌ಗೆ ತಾಗಿರುವ ತಂತಿಗಳು ದನಿಗೂಡುವುದೇ ಇಲ್ಲ ಎಂದು ಕೇಳಿದ್ದೀರಿ. ಈ ಎರಡು ತೊಂದರೆಗಳನ್ನೂ ನಾನು ಬಹುಕಾಲ ಅನುಭವಿಸಿದ್ದೇನೆ. ನನ್ನ ಡ್ರಮ್‌ನಲ್ಲಿ ಅವುಗಳ ಮೂಲವಿದ್ದದ್ದು ನಾನು ಎಂದೂ ಮುಟ್ಟದೆ ಬಿಟ್ಟಿದ್ದ ಕೆಳಗಿನ ಹೆಡ್‌ನಲ್ಲಿ. ಆದ್ದರಿಂದ ನೀವೂ ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ತಂತಿಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಡ್ರಮ್ಮನ್ನು ದಪ್ಪ ಟವೆಲಿನ ಮೇಲೆ ಕವುಚಿ ಹಾಕಿದರೆ, ಮೇಲಿನ ಹೆಡ್‌ನ ಕಂಪನ ಅಡಗಿ ಕೆಳಗಿನದರ ಸ್ವರವೊಂದೇ ಕಿವಿಗೆ ಬೀಳುತ್ತದೆ. ಹೆಡ್ಡನ್ನು ಬಿಗಿಸುವ ಪ್ರತಿಯೊಂದು ತಿರುಪಿನ (ಟೆನ್ಷನ್ ರಾಡಿನ) ಎದುರು, ಅಂಚಿನಿಂದ ಒಂದು ಇಂಚು ಒಳಗೆ, ಬೆರಳಿನಿಂದ ತಟ್ಟಿ ಕೇಳಿ. ಮೃದಂಗದವರು ಹೆಣಿಗೆಯ ಸುತ್ತಲೂ ಕಲ್ಲಿನಿಂದ ತಟ್ಟುತ್ತಾ ಎಲ್ಲ ಕಡೆಯನ್ನೂ ಒಂದೇ ಶ್ರುತಿಗೆ ತರುವುದನ್ನು ನೀವು ನೋಡಿರಬಹುದು. ಇಲ್ಲಿ ಕಲ್ಲಿನ ಬದಲು ರಾಡು ತಿರುಗಿಸುವ ಕೀಲಿ ಇದೆ, ಅಷ್ಟೇ. ಸ್ವರ ತಗ್ಗಿರುವ ಕಡೆ ಕಾಲು ಸುತ್ತಿಗಿಂತ ಹೆಚ್ಚು ಬಿಗಿ ಮಾಡಬೇಡಿ, ಮತ್ತು ಒಂದನ್ನು ಬಿಗಿ ಮಾಡಿದಾಗ ಅದರ ನೇರ ಎದುರಿನದೂ ಬದಲಾಗುವುದರಿಂದ ಅದನ್ನೂ ಆಗಲೇ ಪರೀಕ್ಷಿಸಿ. ಸ್ವರ ಏರಿರುವ ಕಡೆ ಬೇಕಾದ್ದಕ್ಕಿಂತ ಕೆಳಕ್ಕೆ ಇಳಿಸಿ, ಮತ್ತೆ ಮೇಲಕ್ಕೆ ತನ್ನಿ. ಸಡಿಲಿಸುತ್ತಾ ನಿಲ್ಲಿಸಿದ ರಾಡು ನುಡಿಸುವಾಗ ಇನ್ನಷ್ಟು ಜಾರುತ್ತದೆ. ಈ ಹೆಡ್ ಸಾಮಾನ್ಯವಾಗಿ 0.075 ಮಿಲಿಮೀಟರಿನಷ್ಟು ತೆಳು, ಆದ್ದರಿಂದ ಅದರ ನಡುವೆ ಅಂಗೈ ಊರಬೇಡಿ. ತಂತಿಗಳು ಹಾದುಹೋಗುವ ಎರಡು ತುದಿಗಳಲ್ಲಿ ಡ್ರಮ್‌ನ ಅಂಚನ್ನು ತುಸು ತಗ್ಗಾಗಿ ಕೊರೆದಿರುತ್ತಾರೆ. ಅಲ್ಲಿ ಸ್ವರ ಕೂದಲೆಳೆಯಷ್ಟು ಬೇರೆಯಾಗಿ ಕೇಳಿದರೆ ಅದಕ್ಕಾಗಿ ಗಂಟೆಗಟ್ಟಲೆ ಹೆಣಗಬೇಕಾಗಿಲ್ಲ.

ಮೇಲಿನ ಹೆಡ್‌ಗೂ ಇದೇ ಕ್ರಮ. ಅದನ್ನು ಪೂರ್ತಿ ಸಡಿಲಿಸಿ, ಅಂಚಿನ ಧೂಳು ಒರೆಸಿ, ರಾಡುಗಳನ್ನೆಲ್ಲ ಬೆರಳಿನಿಂದ ತಿರುಗುವಷ್ಟು ಮಾತ್ರ ಕೂರಿಸಿದ ಮೇಲೆ, ಎದುರುಬದುರಾಗಿ ಅರ್ಧರ್ಧ ಸುತ್ತು ಏರಿಸುತ್ತಾ ಹೋಗಿ. ಮೇಲಿನದು ಷಡ್ಜವಾದರೆ ಕೆಳಗಿನದು ಗಾಂಧಾರ ಅಥವಾ ಮಧ್ಯಮದಲ್ಲಿರುವುದು ನನಗೆ ಇಷ್ಟ, ಏಕೆಂದರೆ ಬಿಗಿಯಾದ ಕೆಳಹೆಡ್ ಹಗುರವಾದ ಪೆಟ್ಟನ್ನೂ ತಂತಿಗಳಿಗೆ ತಕ್ಷಣ ದಾಟಿಸುತ್ತದೆ.

ಕೊನೆಗೆ ತಂತಿಗಳನ್ನು ಎರಡೂ ಅಂಚುಗಳಿಂದ ಸಮದೂರದಲ್ಲಿ, ಓರೆಯಾಗದಂತೆ ಕಟ್ಟಿ. ಹೆಚ್ಚಿನವರು ಇವನ್ನು ವಿಪರೀತ ಬಿಗಿ ಮಾಡಿ ನಾದವನ್ನೇ ಉಸಿರುಗಟ್ಟಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. ಕೋಲಿನ ತುದಿಯಿಂದ ಹೆಡ್‌ನ ಅಂಚಿನ ಬಳಿ ಅತಿ ಮೆಲ್ಲಗೆ ನುಡಿಸುತ್ತಾ, ತಂತಿಗಳನ್ನು ಬಿಗಿಸುವ ತಿರುಪನ್ನು ಅವು ಸ್ಪಷ್ಟವಾಗಿ ಉತ್ತರಿಸಿದ ಕ್ಷಣದಲ್ಲಿ ನಿಲ್ಲಿಸಿ. ಪಕ್ಕದ ಟಾಮ್ (ತಂತಿಗಳಿಲ್ಲದ ಡ್ರಮ್) ಬಾರಿಸಿದಾಗ ಅವು ಒಂದಿಷ್ಟು ಗುಂಯ್‌ಗುಟ್ಟುವುದು ಸಹಜ. ತೀರಾ ಹೆಚ್ಚೆನಿಸಿದರೆ ತಂತಿಗಳನ್ನು ಮುಟ್ಟದೆ ಆ ಟಾಮ್‌ನ ಸ್ವರವನ್ನು ತುಸು ಬದಲಿಸಿ ನೋಡಿ. ಹೊಸ ಹೆಡ್ ನುಡಿಸಿದಂತೆ ಹಿಗ್ಗುವುದರಿಂದ ಮರುದಿನ ಮತ್ತೊಮ್ಮೆ ಸುತ್ತಲೂ ತಟ್ಟಿ ಕೇಳಬೇಕಾಗುತ್ತದೆ.