ಸಮಾಜ ವಿಜ್ಞಾನದ ಹೊಸ ಕಲಿಕಾ ಫಲಗಳಿಗೆ ನಿಮ್ಮ ತರಗತಿಯನ್ನು ಹೇಗೆ ಹೊಂದಿಸಿಕೊಂಡಿರಿ?

ನೀವು ಬರೆದಿದ್ದು ಓದಿ ನಗು ಬಂತು. ತರಬೇತಿ ಮುಗಿಸಿ ಬಂದ ದಿನ ನಾನೂ ಇದೇ ಪ್ರಶ್ನೆ ತಲೆಯಲ್ಲಿ ತುಂಬಿಕೊಂಡು ಬಸ್ಸಲ್ಲಿ ಕೂತಿದ್ದೆ. ಹೊಸದಾಗಿ ನೇಮಕವಾಗಿ ಕರಾವಳಿಗೆ ಬಂದಿದ್ದೀರಿ, ಹೈಸ್ಕೂಲಿಗೆ ಸಮಾಜ ವಿಜ್ಞಾನ. ಮಕ್ಕಳೇ ಆಧಾರ ಹುಡುಕಬೇಕು, ಮಕ್ಕಳೇ ಪ್ರಶ್ನೆ ಕೇಳಬೇಕು, ನೀವು ಬರೀ ಸುಗಮಕಾರರು ಅಂತ ಹೇಳಿ ಕಳಿಸಿದ್ದಾರೆ. ಆದರೆ ಪಾಠ ಮುಗಿಯದಿದ್ದರೆ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಉತ್ತರ ಕೊಡಬೇಕಾದವರು ನೀವೇ. ಎರಡನ್ನೂ ಒಟ್ಟಿಗೆ ಮಾಡೋದು ಹೇಗೆ ಅಂತ ಕೇಳಿದ್ದೀರಿ.

ನಾನು ಉತ್ತರ ಕನ್ನಡದ ಅಂಕೋಲಾ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕಲಿಸುತ್ತೇನೆ. 19 ವರ್ಷ ಆಯ್ತು. ನನ್ನ ಉತ್ತರ ಇಷ್ಟೇ: ಎಲ್ಲಾ ಪಾಠಕ್ಕೂ ಮಾಡೋಕೆ ಹೋಗಬೇಡಿ. ವರ್ಷಕ್ಕೆ ಐದಾರು ಪಾಠ ಆರಿಸಿಕೊಳ್ಳಿ. ಒಂದೊಂದು ಪಾಠಕ್ಕೂ ಒಂದೇ ಒಂದು ಕಾಗದವೋ ವಸ್ತುವೋ ಮಕ್ಕಳ ಮನೆಯಿಂದ ತರಗತಿಗೆ ಬರಲಿ. ಉಳಿದ ಪಾಠಗಳನ್ನು ಹಳೇ ಕ್ರಮದಲ್ಲೇ ಮಾಡಿ. ಆಕಾಶ ಏನೂ ಕಳಚಿ ಬೀಳಲ್ಲ.

'ಹೊಸದು' ಅನ್ನೋ ಪದಕ್ಕೂ ಜಾಸ್ತಿ ಹೆದರಬೇಡಿ. ನಮ್ಮ ರಾಜ್ಯದ ಪುಸ್ತಕಗಳು 2017ರಲ್ಲಿ ಬದಲಾದವು, 2022ರಲ್ಲಿ ಬದಲಾದವು, 2023ರಲ್ಲಿ ತಿದ್ದುಪಡಿ, 2024ರಲ್ಲಿ ಮತ್ತೆ ಪರಿಷ್ಕರಣೆ. ನಾನು ಅಷ್ಟು ಸಲ ಮೊಬೈಲ್ ಬದಲಿಸಿಲ್ಲ. ಕಲಿಕಾ ಫಲ, ಅಂದರೆ ಪಾಠ ಕಲಿತ ಮೇಲೆ ಮಗುವಿಗೆ ಏನು ಬರಬೇಕು ಅನ್ನೋ ಪಟ್ಟಿ, ಶಿಕ್ಷಣ ಹಕ್ಕಿನ ಆರ್‌ಟಿಇ ನಿಯಮಗಳಿಗೆ ಸೇರಿದ್ದೇ 2017ರಲ್ಲಿ. ಕೇಂದ್ರದ ಹೊಸ ಪಠ್ಯಕ್ರಮ ಚೌಕಟ್ಟು 2023ರಲ್ಲಿ ಬಂತು. ಅದರಂತೆ 2024ರಲ್ಲಿ ಎನ್‌ಸಿಇಆರ್‌ಟಿಯ ಆರನೇ ತರಗತಿಗೆ ಇತಿಹಾಸ, ಭೂಗೋಳ, ಪೌರನೀತಿಯ ಮೂರು ಪುಸ್ತಕ ಹೋಗಿ ಒಂದೇ ಪುಸ್ತಕ ಬಂತು. ನಮ್ಮ ರಾಜ್ಯ ಬೇರೆ ದಾರಿ ಹಿಡಿದು ತನ್ನದೇ ಶಿಕ್ಷಣ ನೀತಿ ಆಯೋಗ ಮಾಡಿತು, 2025ರ ಆಗಸ್ಟ್‌ನಲ್ಲಿ ಅದರ ವರದಿಯೂ ಬಂತು. ಇಷ್ಟೆಲ್ಲಾ ಆದರೂ ತರಬೇತಿಯಲ್ಲಿ ಕೇಳಿ ಕೇಳಿ ಸವೆದುಹೋದ ಮಾತು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಇದೆ: ಬಾಯಿಪಾಠ ಬಿಡಿ, ಪಾಠವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ. ಜೋಡಿಸೋದು ಹೇಗೆ ಅನ್ನೋದನ್ನು ಮಾತ್ರ ಯಾರೂ ಹೇಳಲ್ಲ.

ನಾನು ಅದನ್ನು ಕಲಿತದ್ದು ಒಂದು ಗೇಣಿ ಚೀಟಿಯಿಂದ. ಗೇಣಿ ಅಂದರೆ ಇನ್ನೊಬ್ಬರ ಜಮೀನು ಉಳುವವರು ಒಡೆಯನಿಗೆ ಕೊಡುವ ಪಾಲು.

ಹತ್ತನೇ ತರಗತಿಗೆ ಬ್ರಿಟಿಷ್ ಆಳ್ವಿಕೆಯ ಪರಿಣಾಮಗಳ ಪಾಠ ಇದೆಯಲ್ಲ, ಅದರಲ್ಲಿ ಭೂಕಂದಾಯ ಬರುತ್ತದೆ. ಕಾಯಂ ಜಮೀನ್ದಾರಿ, ಕಾರ್ನ್‌ವಾಲಿಸ್, 1793. ಮಹಲ್ವಾರಿ. ಆಮೇಲೆ ರೈತವಾರಿ, ಬಾರಾಮಹಲ್, ಅಲೆಕ್ಸಾಂಡರ್ ರೀಡ್, ಥಾಮಸ್ ಮನ್ರೋ. ಬೋರ್ಡಿನ ಮೇಲೆ ಮೂರು ಕಲಂ ಎಳೆದು, ಹೆಸರು ಇಸವಿ ತುಂಬಿಸಿ, ಮಕ್ಕಳು ಬರೆದುಕೊಂಡು, ಮುಗೀತು ಅಂತ ಮುಂದಕ್ಕೆ ಹೋಗೋದು. ವರ್ಷಾನುಗಟ್ಟಲೆ ಹೀಗೇ ಮಾಡಿದ್ದೇನೆ. ಆ ವರ್ಷ ತರಬೇತಿಯ ಬಿಸಿ ಇನ್ನೂ ಆರಿರಲಿಲ್ಲ, ಹಾಗಾಗಿ ಎಲ್ಲರೂ ಮನೆಯ ಪಹಣಿಯ ಝೆರಾಕ್ಸ್ ತನ್ನಿ ಅಂದೆ. ಒಬ್ಬ ಹುಡುಗ ಪಹಣಿ ಜೊತೆ ಇನ್ನೊಂದು ಕಾಗದವನ್ನೂ ತಂದ. ಅವನ ಅಜ್ಜ ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದದ್ದು. ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ನಾಲ್ಕು ಮಡಿಕೆ, ಮಡಿಕೆ ಬಿದ್ದಲ್ಲೆಲ್ಲಾ ತೂತು. 1961ರ ಚೀಟಿ. ಗೇಣಿ ಬಾಬ್ತು ಇಷ್ಟು ಮುಡಿ ಅಕ್ಕಿ 'ಮುಟ್ಟಿದೆ' ಅಂತ ಬರೆದು ಕೆಳಗೆ ಒಂದು ಸಹಿ.

ಅದನ್ನು ಬೆಂಚಿಂದ ಬೆಂಚಿಗೆ ಕಳಿಸಿದೆ. ಮುಟ್ಟಿದೆ ಅಂದರೆ ಯಾರಿಗೆ ಏನು ಮುಟ್ಟಿದ್ದು ಅಂತ ಕೇಳಿದೆ. ಮುಡಿ ಅಂದರೇನು ಅಂತ ಅರ್ಧ ಮಕ್ಕಳಿಗೆ ಗೊತ್ತಿರಲಿಲ್ಲ. ಹಿಂದಿನ ಬೆಂಚಿನ ಒಬ್ಬಳು ಎದ್ದು, ಹುಲ್ಲು ಸುತ್ತಿ ಉಂಡೆ ಕಟ್ಟಿ ಇಡ್ತಾರಲ್ಲ, ನಮ್ಮ ಅಟ್ಟದ ಮೇಲೆ ಒಂದು ಇದೆ ಅಂದಳು. ಅಷ್ಟರಲ್ಲಿ ಚೀಟಿ ತಂದ ಹುಡುಗ ಪುಸ್ತಕ ತೆಗೆದು ಬೆರಳಿಟ್ಟ. "ಟೀಚರ್, ರೈತವಾರಿಯಲ್ಲಿ ರೈತನೇ ಜಮೀನಿನ ಒಡೆಯ ಅಂತ ಇಲ್ಲಿದೆ. ಹಂಗಾದ್ರೆ ನಮ್ಮಜ್ಜ ಯಾರಿಗೆ ಗೇಣಿ ಕೊಡ್ತಿದ್ರು?"

ಅಷ್ಟು ವರ್ಷದಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ ಅನ್ನೋದು ನಾಚಿಕೆಗೇಡು. ಟಿಪ್ಪು ಸತ್ತ ಮೇಲೆ 1799ರಲ್ಲಿ ಕೆನರಾ, ಅಂದರೆ ನಮ್ಮ ಕರಾವಳಿ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಾಗ ಇಲ್ಲಿಗೆ ಕಲೆಕ್ಟರ್ ಆಗಿ ಬಂದವನು ಪಾಠದಲ್ಲಿರುವ ಅದೇ ಮನ್ರೋ. ಆದರೆ ನಮ್ಮ ಕಡೆ ಸರ್ಕಾರಕ್ಕೆ ಕಂದಾಯ ಕಟ್ಟುವವನ ಹೆಸರಲ್ಲಿ ಪಟ್ಟಾ ಇತ್ತು, ಕೆಸರಲ್ಲಿ ಕಾಲಿಟ್ಟವನು ಬಹಳ ಕಡೆ ಬೇರೆಯವನೇ. ಅವನು ಮೂಲಗೇಣಿಯವನೋ ಚಾಲಗೇಣಿಯವನೋ. ಮೂಲಗೇಣಿಯಾದರೆ ತಲೆಮಾರುಗಟ್ಟಲೆ ಉಳೀತಿತ್ತು, ಚಾಲಗೇಣಿಯಾದರೆ ಒಡೆಯ ಏಳು ಅಂದರೆ ಏಳಬೇಕು. ದಿನಕರ ದೇಸಾಯಿ ಅಂದರೆ ಮಕ್ಕಳಿಗೆ ಚುಟುಕ ಮಾತ್ರ ಗೊತ್ತು, ಅವರು ಇದೇ ಗೇಣಿ ರೈತರನ್ನು ಸಂಘಟಿಸಿ ಜಿಲ್ಲೆಯಿಂದಲೇ ಗಡಿಪಾರಾದವರು ಅನ್ನೋದು ಗೊತ್ತಿಲ್ಲ. ಕೊನೆಗೆ 1974ರ ಭೂಸುಧಾರಣಾ ಕಾಯ್ದೆ ತಿದ್ದುಪಡಿ. ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲಾ ಸರ್ಕಾರಕ್ಕೆ ಸೇರಿತು, ಉಳುವವರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ಪಹಣಿಯ 9ನೇ ಕಲಂನಲ್ಲಿ ಅಜ್ಜನ ಹೆಸರು ಬಂದದ್ದು ಹೀಗೆ. ಮಕ್ಕಳಿಗೆ 10ನೇ ಕಲಂ ನೋಡಿ ಅಂದೆ, ಜಮೀನು ಯಾವ ರೀತಿಯಲ್ಲಿ ಬಂತು ಅಂತ ಅಲ್ಲಿರುತ್ತದೆ. ಇಡೀ ಪೀರಿಯಡ್ ಪಿಸುಮಾತು ಬಿಟ್ಟರೆ ಗದ್ದಲವೇ ಇಲ್ಲ.

ಇಲ್ಲಿಗೇ ನಿಲ್ಲಿಸಿದರೆ ನನ್ನನ್ನು ನೀವು ದೊಡ್ಡ ಟೀಚರ್ ಅಂದ್ಕೊಳ್ತೀರಿ. ಎಡವಟ್ಟು ಆದದ್ದನ್ನೂ ಹೇಳಬೇಕು.

ಚೀಟಿಯ ಕೆಳಗಿದ್ದ ಸಹಿಯನ್ನು ಯಾರೋ ಜೋರಾಗಿ ಓದಿದರು. ಅದು ಅದೇ ಕ್ಲಾಸಿನ ಇನ್ನೊಬ್ಬ ಹುಡುಗನ ಮನೆ ಹೆಸರು. ಎಲ್ಲಾ ತಲೆಗಳೂ ಒಟ್ಟಿಗೆ ಅವನ ಕಡೆ ತಿರುಗಿದವು. ಅವನು ಪುಸ್ತಕದೊಳಗೆ ಮುಖ ಹಾಕಿ ಕೂತುಬಿಟ್ಟ. ನಾನು ಏನೋ ಹೇಳಿ ಪಾಠ ತೇಲಿಸಿದೆ. ಮರುದಿನ ಅವನ ಅಪ್ಪ ಸ್ಟಾಫ್ ರೂಮಿಗೇ ಬಂದರು. "ಅಕ್ಕೋರೆ, ನಮ್ಮ ಮನೆ ಮರ್ಯಾದೆ ಕ್ಲಾಸಲ್ಲಿ ಹರಾಜು ಹಾಕೂದು ಹೊಸ ಸಿಲೆಬಸ್ಸಾ?" ನಾನು ತಪ್ಪಾಯ್ತು ಅಂದೆ, ನಿಜವಾಗಿಯೂ ತಪ್ಪೇ. ಸಿಟ್ಟು ಇಳಿದ ಮೇಲೆ ಅವರು ಕೂತು, ಚಾ ಕುಡಿದು, ಹೋಗುವಾಗ ಇನ್ನೊಂದು ಮಾತು ಹೇಳಿದರು. ಜಾಗ ಹೋದಾಗ ಅವರ ಅಜ್ಜ ಇರಲಿಲ್ಲವಂತೆ. ಅಜ್ಜಿ ಒಬ್ಬರೇ, ಮೂರು ಸಣ್ಣ ಮಕ್ಕಳು. ಮನೆ ತುಂಬ ಅಕ್ಕಿ ಅಳೆಯುತ್ತಿದ್ದವರು ಗೇರುಬೀಜದ ಕೆಲಸಕ್ಕೆ ಹೋದರಂತೆ. "ಅದೂ ನಿಮ್ಮ ಪಾಠದಲ್ಲಿ ಬರ್ತದಾ?"

ಒಂದೇ ಘಟನೆಯನ್ನು ಬೇರೆ ಬೇರೆಯವರ ಕಡೆಯಿಂದ ನೋಡುವುದು ಅಂತ ಕಲಿಕಾ ಫಲದ ಪಟ್ಟಿಯಲ್ಲಿ ಒಂದು ಸಾಲು ಇರುತ್ತದೆ ನೋಡಿ. ಅದನ್ನು ನಾನು ಎಷ್ಟೋ ಪಾಠ ಯೋಜನೆಯಲ್ಲಿ ಸುಮ್ನೆ ಕಾಪಿ ಹೊಡೆದಿದ್ದೆ. ಅದರ ಅರ್ಥ ನನಗೆ ಆಗಿದ್ದು ಅವತ್ತು ಸ್ಟಾಫ್ ರೂಮಿನಲ್ಲಿ. ಅವರ ಒಪ್ಪಿಗೆ ಕೇಳಿ, ಹೆಸರು ಊರು ತೆಗೆದು, ಆ ಅಜ್ಜಿಯ ಕತೆಯನ್ನು ಐದು ಸಾಲಿನಲ್ಲಿ ಬರೆದಿಟ್ಟುಕೊಂಡೆ. ಈಗ ಪ್ರತಿ ವರ್ಷ ಗೇಣಿ ಚೀಟಿಯ ಜೊತೆ ಅದನ್ನೂ ಕೊಡುತ್ತೇನೆ. ಕಾಯ್ದೆ ಸರಿಯೋ ತಪ್ಪೋ ಅಂತ ನಾನು ಹೇಳಲ್ಲ, ಅಲ್ಲಿ ಕ್ಲಾಸು ತಾನೇ ಎರಡು ಪಾಲಾಗುತ್ತದೆ. ಝೆರಾಕ್ಸ್ ಮಾಡುವಾಗ ಹೆಸರಿನ ಮೇಲೆ ಒಂದು ಕಾಗದದ ಪಟ್ಟಿ ಇಡಿ, ಅಷ್ಟು ಮಾಡಿದರೆ ನನಗಾದ ಫಜೀತಿ ನಿಮಗಾಗಲ್ಲ.

ಇನ್ನೊಂದು ತಪ್ಪು ಗೊತ್ತಾಗಿದ್ದು ಆಮೇಲೆ. ಪಹಣಿ ತನ್ನಿ ಅಂದ ಮೇಲೆ ಒಬ್ಬ ಹುಡುಗಿ ಎರಡು ದಿನ ಶಾಲೆಗೇ ಬರಲಿಲ್ಲ. ಮೀನುಗಾರರ ಮನೆ, ಪಹಣಿ ಎಲ್ಲಿಂದ ಬರಬೇಕು? ಈಗ ನಾನು ಪಹಣಿ ಅನ್ನಲ್ಲ, ಮನೆಯವರು ಜೋಪಾನವಾಗಿ ಎತ್ತಿಟ್ಟ ಯಾವುದಾದರೂ ಕಾಗದ ಅನ್ನುತ್ತೇನೆ. ದೋಣಿಯ ಲೈಸೆನ್ಸ್ ಬರುತ್ತದೆ. ಹಳೇ ರೇಷನ್ ಕಾರ್ಡ್ ಬರುತ್ತದೆ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಮನೆಗಳಿಂದ ಪರಿಹಾರದ ಕೇಸಿನ ಕಾಗದ ಬರುತ್ತದೆ, ಕಟ್ಟುಗಟ್ಟಲೆ. ಆ ಮಕ್ಕಳು ನಿರಾಶ್ರಿತರು ಅನ್ನೋ ಪದ ಕಲಿತದ್ದು ಪುಸ್ತಕದಿಂದಲ್ಲ.

ಈಗ ನಿಮ್ಮ ನಿಜವಾದ ಚಿಂತೆಗೆ ಬರುತ್ತೇನೆ, ಪರೀಕ್ಷೆ. 80 ಅಂಕಕ್ಕೆ 38 ಪ್ರಶ್ನೆ, ಅದರಲ್ಲಿ ನಕ್ಷೆಗೇ 5 ಅಂಕ. ಇಲ್ಲಿನ ಹುಡುಗ ರೈತವಾರಿ ಪ್ರಶ್ನೆಗೆ 'ನಮ್ಮಜ್ಜ ಗೇಣಿ ಕೊಡ್ತಿದ್ದರು' ಅಂತ ಬರೆದರೆ, ಬೇರೆ ಜಿಲ್ಲೆಯಲ್ಲಿ ಉತ್ತರ ಸೂಚಿ ಮುಂದಿಟ್ಟುಕೊಂಡು ಕೂತ ಮೌಲ್ಯಮಾಪಕರು ಅಂಕ ಕೊಡೋಕಾಗಲ್ಲ. ನಾನೂ ಮೌಲ್ಯಮಾಪನಕ್ಕೆ ಹೋಗಿದ್ದೇನೆ, ನಾನೂ ಕೊಡಲ್ಲ. ಹಾಗಾಗಿ ನಮ್ಮ ಮಕ್ಕಳ ನೋಟ್‌ಬುಕ್ಕಿನಲ್ಲಿ ಎಡ ಪುಟ ಪರೀಕ್ಷೆಗೆ, ಬಲ ಪುಟ ನಮಗೆ. ಬಲಗಡೆ ಚೀಟಿ, ಪ್ರಶ್ನೆ, ಅಜ್ಜ ಅಜ್ಜಿ ಹೇಳಿದ್ದು, ಜಗಳ, ಎಲ್ಲಾ. ಪೀರಿಯಡ್ ಮುಗಿಯೋಕೆ ಹತ್ತು ನಿಮಿಷ ಇರುವಾಗ ಬಲಗಡೆ ಮುಚ್ಚಿ, ಎಡಗಡೆ ಪುಸ್ತಕದ ಮಾತಿನಲ್ಲೇ ಮೂರು ಅಂಕದ ಉತ್ತರ. ಹೊಸ ವಿಧಾನದವರು ಇದನ್ನು ನೋಡಿ ಮೂಗು ಮುರೀತಾರೆ. ಮುರೀಲಿ. ಬಲಗಡೆ ತುಂಬಿದ ಪಾಠದಲ್ಲಿ ಎಡಗಡೆಯದ್ದು ಮರೆಯೋದು ಕಡಿಮೆ, ನಾನು ಕಂಡದ್ದು ಇದು.

ಭಾಷೆಯ ಕಷ್ಟವೂ ಇದೆ. ಮನೆಯಲ್ಲಿ ಕೊಂಕಣಿ ಮಾತಾಡುವ ಮಗುವಿಗೆ, ಹಾಲಕ್ಕಿ ಕನ್ನಡ ಮಾತಾಡುವ ಮಗುವಿಗೆ 'ಸಾಮಾಜಿಕ ಸ್ತರವಿನ್ಯಾಸ' ಅನ್ನೋದು ಇಂಗ್ಲಿಷಿನಷ್ಟೇ ದೂರ. ಆ ಪದ ಎಡ ಪುಟಕ್ಕೆ ಇರಲಿ. ಬಲಗಡೆ ಅವರು ಅವರ ಮಾತಲ್ಲೇ ಬರೆಯಲಿ, ನಾನು ಕೆಂಪು ಇಂಕು ಹಚ್ಚಲ್ಲ.

ಸಮಯ ಎಲ್ಲಿಂದ ತರೋದು ಅಂತೀರಾ? ವಾರಕ್ಕೆ ಆರು ಪೀರಿಯಡ್ ಅಂತ ವೇಳಾಪಟ್ಟಿಯಲ್ಲಿ ಇರುತ್ತದೆ. ಜುಲೈನಲ್ಲಿ ಮಳೆಗೆ ಡಿಸಿ ಕೊಡುವ ರಜೆ ಶುರುವಾದರೆ ವಾರಕ್ಕೆ ಎರಡೂ ಸಿಗಲ್ಲ, ಅದನ್ನು ಆಮೇಲೆ ಶನಿವಾರ ಮಧ್ಯಾಹ್ನ ಭರ್ತಿ ಮಾಡಬೇಕು. ಮಧ್ಯೆ ಸಮೀಕ್ಷೆ, ಮಧ್ಯೆ ಚುನಾವಣೆ ಕೆಲಸ. ಇತ್ತೀಚೆಗೆ ಪಾಠ ಆಧಾರಿತ ಮೌಲ್ಯಾಂಕನ ಅಂತ ಪ್ರತಿ ಪಾಠಕ್ಕೂ ಪರೀಕ್ಷೆ, ಅದರ ಅಂಕ ತುಂಬೋ ಕೆಲಸ ಬೇರೆ. ಇಷ್ಟರ ನಡುವೆ ಗುಂಪು ಚಟುವಟಿಕೆ, ಚಾರ್ಟ್, ಮಾದರಿ ಅಂತ ಹೋದರೆ ನೀವು ಅಕ್ಟೋಬರ್ ಹೊತ್ತಿಗೆ ಕೈ ಚೆಲ್ಲುತ್ತೀರಿ. ನಾನು ಚೆಲ್ಲಿದ್ದೇನೆ. ಪ್ರಾಜೆಕ್ಟ್ ಅಂದರೆ ಮಕ್ಕಳು ಪೇಟೆಯ ಅಂಗಡಿಯಿಂದ ಒಂದೇ ಥರದ ಪ್ರಿಂಟ್ ತಂದು ಅಂಟಿಸುತ್ತಾರೆ, ಮೂವತ್ತು ಮಕ್ಕಳದ್ದೂ ಅದೇ ತಾಜ್ ಮಹಲ್. ಬಿಸ್ಕತ್ ಡಬ್ಬಿಯ ಚೀಟಿಯನ್ನು ಮಾತ್ರ ಯಾರೂ ಡೌನ್‌ಲೋಡ್ ಮಾಡೋಕಾಗಲ್ಲ.

ಬೇರೆ ಯಾವ ಪಾಠಕ್ಕೆ ಇಲ್ಲಿ ಸುಲಭ ಅಂದರೆ, ಉಪ್ಪಿನ ಸತ್ಯಾಗ್ರಹ. ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ್ದು 1930ರ ಏಪ್ರಿಲ್ 6, ಅಂಕೋಲಾದಲ್ಲಿ ಏಪ್ರಿಲ್ 13. ಬರೀ ಒಂದು ವಾರ. ರೇಡಿಯೋ ಇಲ್ಲದ ಮನೆಗಳು, ಸುದ್ದಿ ಅಲ್ಲಿಂದ ಇಲ್ಲಿಗೆ ಹೇಗೆ ಬಂದಿರಬಹುದು ಅಂತ ಕೇಳಿ ಬಿಟ್ಟುಬಿಡಿ. ಒಂದು ಹಿಡಿ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಮೇಜಿನ ಮೇಲಿಡಿ, ಅಂಗಡಿಯ ಪ್ಯಾಕೆಟ್ ಉಪ್ಪನ್ನು ಪಕ್ಕದಲ್ಲಿಡಿ. ಅಪ್ಪಿಕೋ ಪಾಠಕ್ಕೂ ಹಾಗೇ, 1983ರ ಸೆಪ್ಟೆಂಬರ್‌ನಲ್ಲಿ ಸಲ್ಕಣಿ ಊರಿನವರು ಮರ ಕಡಿಯದಂತೆ ಅಪ್ಪಿಕೊಂಡದ್ದನ್ನು ಕಂಡವರು ಘಟ್ಟದ ಮೇಲೆ ಇನ್ನೂ ಇದ್ದಾರೆ, ಶಿರಸಿ ಕಡೆ ನೆಂಟರಿರುವ ಮಗುವಿಗೆ ಫೋನ್ ಮಾಡಿ ಕೇಳೋಕೆ ಹೇಳಿ. ಕೈಗಾ ಅಣುಸ್ಥಾವರ ವಿರೋಧದ ಚಳವಳಿಯನ್ನು ಮಾತ್ರ ಹುಷಾರಾಗಿ ಮಾಡಿ, ಕ್ಲಾಸಲ್ಲಿ ಯಾರದ್ದಾದರೂ ಅಪ್ಪ ಅಲ್ಲೇ ಕೆಲಸಕ್ಕಿರುತ್ತಾರೆ.

ಒಂದು ಪಾಠ ಮಾತ್ರ ನಾನು ಚಟುವಟಿಕೆ ಮಾಡಲ್ಲ. ನೈಸರ್ಗಿಕ ವಿಪತ್ತುಗಳಲ್ಲಿ ಭೂಕುಸಿತ. 2024ರ ಜುಲೈ 16ರಂದು ನಮ್ಮ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ಹೊಳೆಗೆ ಕುಸಿದದ್ದು ನಿಮಗೂ ಗೊತ್ತಿರುತ್ತದೆ. ಆಮೇಲಿನ ಒಂದು ಸಭೆಯಲ್ಲಿ ಯಾರೋ ಇದು ಒಳ್ಳೇ ಸ್ಥಳೀಯ ಉದಾಹರಣೆ, ಮಕ್ಕಳಿಂದ ವರದಿ ಬರೆಸಿ ಅಂದರು. ನಾನು ಬರೆಸಲಿಲ್ಲ. ಪುಸ್ತಕದಲ್ಲಿದ್ದ ಕಾರಣ, ಪರಿಣಾಮ, ಮುನ್ನೆಚ್ಚರಿಕೆ ಓದಿ ಮುಗಿಸಿದೆ. ಬೆಲ್ ಆದ ಮೇಲೆ ಒಬ್ಬ ಹುಡುಗ ತಾನಾಗಿಯೇ ಬಂದು ಮೇಜಿನ ಹತ್ತಿರ ನಿಂತು, ಆ ದಿನ ಬೆಳಿಗ್ಗೆ ಕೇಳಿದ ಸದ್ದಿನ ಬಗ್ಗೆ ಹೇಳಿದ. ಕೇಳಿಸಿಕೊಂಡೆ. ಅದನ್ನು ಯಾವ ಪುಟಕ್ಕೂ ಬರೆಸಲಿಲ್ಲ.

ಕೊನೆಗೆ ಒಂದು ಕೆಲಸದ ಮಾತು. ಅಸಲು ಕಾಗದ ಶಾಲೆಯಲ್ಲಿ ಒಂದು ರಾತ್ರಿಯೂ ಇಟ್ಟುಕೊಳ್ಳಬೇಡಿ. ಗೇಣಿ ಚೀಟಿ ತಂದ ದಿನ ಸಂಜೆಯೇ ಅಜ್ಜ ಕೊಡೆ ಹಿಡಿದು ಗೇಟಿನಲ್ಲಿ ನಿಂತಿದ್ದರು, ಮೊಮ್ಮಗನನ್ನು ನಂಬದೆ. ಝೆರಾಕ್ಸ್ ಎಲ್ಲಾ ಮೇ ತಿಂಗಳ ಕೊನೆಯಲ್ಲೇ, ಮಳೆ ಹಿಡಿಯೋ ಮೊದಲು ಮಾಡಿಸಿಟ್ಟುಕೊಳ್ಳಿ. ಜೂನ್ ಬಂದಮೇಲೆ ಇಲ್ಲಿ ಕರೆಂಟ್ ಇದ್ದರೆ ಅಂಗಡಿ ತೆಗೆದಿರಲ್ಲ, ಅಂಗಡಿ ತೆಗೆದಿದ್ದರೆ ಕರೆಂಟ್ ಇರಲ್ಲ.