ಗೇಟಿನಾಚೆಯ ಪ್ರಶ್ನೆಗೆ ಯಾವ ಓದು?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನಾಲ್ಕು ವರ್ಷದಿಂದ ರಾಯಚೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಮೇಲೆ ಸ್ಟಾಫ್ ನರ್ಸ್ ಆಗಿದ್ದೇನೆ. ರೇಷನ್ ಕಾರ್ಡು, ರೆಫರಲ್ ಚೀಟಿ ಅಂತ ಬಡವರು ಅಲೆಯುವುದನ್ನು ದಿನಾ ನೋಡುತ್ತೇನೆ. ಈ ನಿಯಮಗಳನ್ನು ಮಾಡುವ ಕಡೆ ಹೋಗಬೇಕೆಂಬ ಆಸೆ. ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಲೋ, ಎಂಎಚ್‌ಎ (ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ) ಮಾಡಲೋ? ಡಾಕ್ಟರಲ್ಲದವರ ಮಾತಿಗೆ ಅಲ್ಲಿ ಬೆಲೆಯಿದೆಯೇ? ಗಣಿತವೆಂದರೆ ಭಯ ಬೇರೆ.

ಉತ್ತರ: ಎಂಎಚ್‌ಎ ನಿಮಗಲ್ಲ. ಅದು ಆಸ್ಪತ್ರೆ ನಡೆಸುವುದನ್ನು ಕಲಿಸುತ್ತದೆ. ನಿಮ್ಮನ್ನು ಕಾಡುತ್ತಿರುವುದು ಆಸ್ಪತ್ರೆಯ ಗೇಟಿನಾಚೆಯ ಪ್ರಶ್ನೆ: ಚಿಕಿತ್ಸೆಯ ದುಡ್ಡು ಯಾರು ಕೊಡಬೇಕು, ನಿಯಮ ಯಾರನ್ನು ಹೊರಗೆ ನಿಲ್ಲಿಸುತ್ತಿದೆ. ಅದಕ್ಕೆ ಎಂಪಿಎಚ್ ಸರಿ. ಅದರಲ್ಲೂ ಆರೋಗ್ಯ ಅರ್ಥಶಾಸ್ತ್ರವನ್ನು ಗಟ್ಟಿಯಾಗಿ ಕಲಿಸುವ ಕಡೆ ಸೇರಿ.

ಆ ಓದು ಹೇಗಿರುತ್ತದೆ ಎಂಬುದಕ್ಕೆ ನಿಮ್ಮ ಭಾಗದ್ದೇ ಉದಾಹರಣೆ ಇದೆ. ರಾಜ್ಯ ಸರ್ಕಾರದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದು ಆಗಿನ ಗುಲ್ಬರ್ಗಾ ವಿಭಾಗದಲ್ಲಿ. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ಅದರಲ್ಲಿ ಉಚಿತ ಚಿಕಿತ್ಸೆ ಸಿಗುತ್ತಿತ್ತು. ಉತ್ತರದ ಜಿಲ್ಲೆಗಳಿಗೆ ಮೊದಲು ಬಂತು, ದಕ್ಷಿಣಕ್ಕೆ ಆಮೇಲೆ. ಸಂಶೋಧಕರು ಆ ನಡುವಿನ ಗಡಿಯ ಎರಡೂ ಬದಿಯ ಊರುಗಳಿಗೆ ಹೋದರು. ಅಕ್ಕಪಕ್ಕದ ಊರುಗಳು, ಹೆಚ್ಚುಕಡಿಮೆ ಒಂದೇ ಬದುಕು. ಯೋಜನೆ ಮಾತ್ರ ಒಂದು ಬದಿಗಿದೆ, ಇನ್ನೊಂದಕ್ಕಿಲ್ಲ. ಯೋಜನೆಯಿದ್ದ ಕಡೆಯ ಬಿಪಿಎಲ್ ಕುಟುಂಬಗಳಲ್ಲಿ ಆ ಕಾಯಿಲೆಗಳ ಸಾವು ಶೇ. 64ರಷ್ಟು ಕಡಿಮೆಯೆಂದು ಕಂಡುಬಂತು. ಬ್ರಿಟನ್ನಿನ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆ 2014ರಲ್ಲಿ ಅದನ್ನು ಪ್ರಕಟಿಸಿತು. ಗಡಿಯನ್ನೇ ತಕ್ಕಡಿ ಮಾಡಿಕೊಂಡ ಆ ಉಪಾಯ ನನಗೆ ಇವತ್ತಿಗೂ ಬೆರಗು.

ಆದರೆ ಕಾರ್ಡಿದ್ದೂ ಜೊತೆಗೆ ಬರುವವರಿಲ್ಲದೆ ಮನೆಯಲ್ಲೇ ಉಳಿದ ಅಜ್ಜಿ ಆ ಶೇಕಡಾವಾರಿನಲ್ಲಿ ಕಾಣುವುದಿಲ್ಲ. ಅವಳನ್ನು ಕಂಡವರು ನೀವು. ಈ ಕ್ಷೇತ್ರದಲ್ಲಿ ಡಾಕ್ಟರರೇ ಹೆಚ್ಚು, ನಿಜ. ಆದರೂ ನಿಮ್ಮ ಮಾತು ಅಲ್ಲಿಗೆ ಬೇಕೇ ಬೇಕು, ಮತ್ತು ಅದಕ್ಕೆ ಅಂಕಿಯ ಬಲವೂ ಬೇಕು. ಮಗುವಿನ ತೂಕಕ್ಕೆ ಡೋಸ್, ನಿಮಿಷಕ್ಕೆ ಡ್ರಿಪ್ಪಿನ ಹನಿ ಲೆಕ್ಕ ಹಾಕುವವರಿಗೆ ಸಂಖ್ಯಾಶಾಸ್ತ್ರ ಕಲಿಯಲಾಗದ್ದೇನಲ್ಲ.

ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಎಂಪಿಎಚ್‌ನಲ್ಲಿ ಆರೋಗ್ಯ ನೀತಿ, ಅರ್ಥಶಾಸ್ತ್ರ ಮತ್ತು ಹಣಕಾಸು ಎಂಬುದೇ ಒಂದು ವಿಭಾಗವಾಗಿ ಬಂದಿದೆ. ನಿಮಗೆ ನನ್ನ ಮೊದಲ ಆಯ್ಕೆ ಅದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ 1997ರಿಂದ ಎಂಪಿಎಚ್ ಕಲಿಸುತ್ತಿದೆ. ಅರ್ಹತೆಯ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ವಿದೇಶಕ್ಕೆ ಸಾಲ ಮಾಡಿ ಹೋಗಬೇಡಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಎರಡು ವರ್ಷದ ಅನುಭವ ಕೇಳುತ್ತದೆ, ನಿಮಗೆ ನಾಲ್ಕಿದೆ. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಿರಬೇಕೆಂಬ ಷರತ್ತಿದೆ, ನಿಮಗದು ಹೊರೆಯಾಗದು.

ಒಂದು ಮಾತು ಮುಚ್ಚಿಡಲಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಂಥ ಕಡೆ ಈ ಓದಿಗೆ ಸಿಗುವ ಕೆಲಸಗಳೂ ಬಹುಪಾಲು ಗುತ್ತಿಗೆಯವೇ. ಮನೆಯವರಿಗೆ ಇದನ್ನು ಮೊದಲೇ ಹೇಳಿ.

ಅರ್ಜಿ ಹಾಕುವವರೆಗೆ ಒಂದು ನೋಟ್‌ಬುಕ್ ಇಡಿ. ವಾಪಸ್ ಹೋದ ಪ್ರತಿ ರೋಗಿಯ ಬಗ್ಗೆ ಎರಡು ಸಾಲು: ಎಷ್ಟು ದೂರದಿಂದ ಬಂದರು, ಯಾವ ಕಾಗದ ಇರಲಿಲ್ಲ, ಎಷ್ಟು ಹೊತ್ತು ಕಾದರು. ಹೆಸರು, ಊರು ಮಾತ್ರ ಬರೆಯಬೇಡಿ.