ಲಾಯ್ಡ್ ಜಾರ್ಜ್ ಮನೆಗೆ ಬರೆದ ಕಾಗದಗಳು

ಪ್ರಶ್ನೆ: ಬ್ರಿಟನ್ನಿನ ಪ್ರಧಾನಿಯಾಗಿದ್ದ ಲಾಯ್ಡ್ ಜಾರ್ಜ್ ಮನೆಯವರಿಗೆ ಬರೆದ ಖಾಸಗಿ ಪತ್ರಗಳಿಗೆ ಇತಿಹಾಸಕಾರರು ಅಷ್ಟೊಂದು ಬೆಲೆ ಕೊಡುವುದೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: 1890ರಲ್ಲಿ ವೇಲ್ಸ್‌ನ ಕರ್ನಾರ್ವನ್ ಕ್ಷೇತ್ರದಿಂದ ಗೆದ್ದು ಅವರು ಲಂಡನ್ನಿಗೆ ಹೋದರೂ, ಪತ್ನಿ ಮಾರ್ಗರೆಟ್‌ಗೆ ಆ ನಗರ ಒಗ್ಗದೆ, ಬಹುಕಾಲ ಕಡಲತೀರದ ಕ್ರಿಕಿಯೆತ್‌ನಲ್ಲಿಯೇ ಉಳಿದರು, ಈ ಅಗಲಿಕೆಯೇ ನಮಗೆ ಪತ್ರಗಳನ್ನು ಕೊಟ್ಟಿತು. ಸಂಸತ್ ಸದಸ್ಯರಿಗೆ 1911ರವರೆಗೆ ಸಂಬಳವಿರಲಿಲ್ಲವಾದ್ದರಿಂದ, ಊರಿನ ವಕೀಲಿ ಕಚೇರಿಯನ್ನು ನಡೆಸುತ್ತ ಅಣ್ಣನ ರಾಜಕೀಯಕ್ಕೆ ಆಸರೆಯಾಗಿದ್ದವರು ತಮ್ಮ ವಿಲಿಯಂ. ಅವರಿಗೂ, ಪಾದರಕ್ಷೆ ಹೊಲಿಯುತ್ತಲೇ ಅಳಿಯಂದಿರನ್ನು ಸಾಕಿ ಓದಿಸಿದ ಸೋದರಮಾವ ರಿಚರ್ಡ್ ಲಾಯ್ಡ್‌ರಿಗೂ ಸಂಸತ್ತಿನ ಸುದ್ದಿ ಕಾಗದಗಳಲ್ಲಿ ತಲುಪುತ್ತಿತ್ತು. ವೇದಿಕೆಯ ಭಾಷಣದಲ್ಲಿ ಕಾಣದ ಹೊಟ್ಟೆಕಿಚ್ಚು, ಹಣದ ಚಿಂತೆ, ಹೊಗಳಿಕೆಯ ಹಸಿವು ಇವುಗಳಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತವೆ.

ಒಂದು ಪತ್ರವನ್ನಂತೂ ಮರೆಯಲಾಗದು. 1888ರ ಮದುವೆಗೆ ಮುನ್ನವೇ ಮಾರ್ಗರೆಟ್‌ಗೆ ಬರೆಯುತ್ತ, ಮುಂದೆ ಬರುವುದೇ ತನ್ನ ಪರಮ ಗುರಿ, ಅಡ್ಡಬಂದರೆ ಪ್ರೇಮವನ್ನೂ ತನ್ನ ‘ಜಗ್ಗರ್‌ನಾಟ್’ ಚಕ್ರಗಳ ಕೆಳಗೆ ತಳ್ಳಲು ಸಿದ್ಧ ಎಂದರು. ಈ ಪದ ನಮ್ಮ ಪುರಿಯ ಜಗನ್ನಾಥನದೇ. ಭಕ್ತರು ಎಳೆಯುವ ತೇರನ್ನು ಇಂಗ್ಲಿಷ್ ಭಾಷೆ ಎದುರಾದದ್ದನ್ನೆಲ್ಲ ಅರೆಯುವ ಯಂತ್ರವಾಗಿಸಿತ್ತು. ಪ್ರೇಮಪತ್ರದಲ್ಲಿ ಇಂಥ ಮಾತನ್ನು ಓದಿಯೂ ಮಾರ್ಗರೆಟ್ ಒಪ್ಪಿದರೆಂಬುದು ನನಗೆ ಇಂದಿಗೂ ಅಚ್ಚರಿ. ಮುಂದೆ ಕಾರ್ಯದರ್ಶಿ ಫ್ರಾನ್ಸಿಸ್ ಸ್ಟೀವನ್ಸನ್ ಅವರೊಡನೆ ಬೆಳೆದ ದೀರ್ಘ ಸಂಬಂಧವನ್ನು ನೆನೆದರೆ, ಆ ಚಕ್ರ ಯಾರ ಮೇಲೆ ಹರಿಯಿತೆಂದು ಬಿಡಿಸಿ ಹೇಳಬೇಕಿಲ್ಲ.

ವೆಲ್ಷ್ ಮಾತೃಭಾಷೆಯಾಗಿದ್ದ ಏಕೈಕ ಬ್ರಿಟಿಷ್ ಪ್ರಧಾನಿ ಅವರು. ಪತ್ರಗಳ ಇಂಗ್ಲಿಷಿನ ನಡುವೆಯೂ ಮನೆಮಾತು ಆಗಾಗ ನುಸುಳುತ್ತದೆ.